ನನ್ನ ಮೆಹರ್ ಬಾಕಿ

ಸಿಂದಗಿಯ ನಮ್ಮ ವಕೀಲರ ಕಚೇರಿಯಲ್ಲಿ ಫ್ಯಾನು ತಿರುಗುತ್ತಿತ್ತೇ ಹೊರತು ಗಾಳಿ ಬರುತ್ತಿರಲಿಲ್ಲ. ನನ್ನ ಗಂಡ ಮೇಜಿನ ಮುಂದಿನ ಕುರ್ಚಿಯಲ್ಲಿ ಕೂತಿದ್ದರು, ನಾನು ಗೋಡೆಗೆ ಹತ್ತಿದ ಬೆಂಚಿನ ಮೇಲೆ. ವಕೀಲರು ಕೇಳುತ್ತಿದ್ದರು, ಇವರು ಹೇಳುತ್ತಿದ್ದರು. ಯಾರಿಗೆಲ್ಲ ಕೊಡುವುದಿದೆ, ಯಾವಾಗ ತಂದದ್ದು, ಯಾತಕ್ಕೆ ತಂದದ್ದು. ಬ್ಯಾಂಕಿನದು ಆಯಿತು. ಮುದ್ದೇಬಿಹಾಳದ ಬಟ್ಟೆ ವ್ಯಾಪಾರಿಯದು ಆಯಿತು. ಬಸವನ ಬಾಗೇವಾಡಿಯ ಫೈನಾನ್ಸಿನವರದು ಹೇಳುವಾಗ ಇವರ ಧ್ವನಿ ಸಣ್ಣದಾಯಿತು. ಎಲ್ಲ ಮುಗಿದ ಮೇಲೆ ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇನ್ನ ಯಾರರೆ ಉಳದಾರೇನ್ರಿ? ನೆನಪು ಮಾಡಿ ಹೇಳ್ರಿ. ಒಬ್ಬರನ್ನ ಬಿಟ್ರೂ ನಾಳಿ ಕೋರ್ಟಿನ್ಯಾಗ ಮುಚ್ಚಿಟ್ಟಾನ ಅಂತಾರ. ಅರ್ಜಿನ ಬಿದ್ದು ಹೋಗತೈತಿ.”

“ಯಾರೂ ಇಲ್ಲ್ರಿ,” ಎಂದರು ನನ್ನವರು.

“ನಂದೈತಲ್ರಿ,” ಎಂದೆ ನಾನು. “ನನ್ನ ಮೆಹರು.”

ಮೊದಲೇ ಯೋಚಿಸಿ ಆಡಿದ ಮಾತಲ್ಲ ಅದು. ಮನೆಯಿಂದ ಹೊರಡುವಾಗ ಮೆಹರಿನ ನೆನಪೇ ನನಗಿರಲಿಲ್ಲ. ಆದರೆ ‘ಯಾರೂ ಇಲ್ಲ’ ಎಂದು ಇವರು ಅಷ್ಟು ಸಲೀಸಾಗಿ ಹೇಳಿದ್ದು ಕೇಳಿ ನನ್ನ ಪಿತ್ತ ನೆತ್ತಿಗೇರಿತು. ಇವರು ತಿರುಗಿ ನನ್ನನ್ನು ನೋಡಿದರು. ಸಿಟ್ಟಿನ ನೋಟವಲ್ಲ, ನಾನು ಚಪ್ಪಲಿ ಹಾಕಿಕೊಂಡು ಮಸೀದಿಯೊಳಗೆ ಹೋದೆನೇನೋ ಎಂಬಂಥ ನೋಟ.

ಮೆಹರೆಂದರೆ ನಿಕಾಹ್ ಆಗುವಾಗ ಗಂಡು ಹೆಣ್ಣಿಗೆ ಕೊಡುತ್ತೇನೆಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವ ಹಣವೋ ಬಂಗಾರವೋ. ಅದು ಹೆಂಡತಿಯ ಹಕ್ಕು, ಅವಳ ಅಪ್ಪನದೂ ಅಲ್ಲ, ಅಣ್ಣನದೂ ಅಲ್ಲ. ಕೆಲವರು ಅಲ್ಲೇ ಕೈಗೆ ಕೊಡುತ್ತಾರೆ. ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಉಧಾರಿ ಇಡುತ್ತಾರೆ, ಎಂದರೆ ಮುಂದೆಂದಾದರೂ ಕೊಡುವುದು. ಇಂಡಿ ಊರಿನ ನನ್ನ ತವರು ಮನೆಯ ಅಂಗಳದಲ್ಲಿ ನನಗೆ ಐದು ತೊಲೆ ಬಂಗಾರ ಎಂದು ಬರೆಸಿದ್ದರು, ಪೂರಾ ಉಧಾರಿ. ಆ ‘ಮುಂದೆಂದಾದರೂ’ ನಾನು ಕಂಡ ಯಾವ ಮನೆಯಲ್ಲೂ ಬಂದದ್ದಿಲ್ಲ.

ವಕೀಲರು ಲಿಂಗಾಯತರು, ವಯಸ್ಸಾದವರು, ನಮ್ಮ ಮಂದಿಯ ಕೇಸುಗಳನ್ನೂ ನಡೆಸಿದವರು. ಕನ್ನಡಕ ಮತ್ತೆ ಹಾಕಿಕೊಂಡು, “ಅಕ್ಕಾರು ಹೇಳೋದು ಬರೋಬ್ಬರಿ ಐತ್ರಿ,” ಎಂದರು. ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಅಕ್ಕಾರು ಎನ್ನುತ್ತಾರೆ. “ಮೆಹರ್ ಸುದ್ದಾ ಸಾಲನ. ಕಾಯ್ದೆ ಪ್ರಕಾರ ಇವರೂ ನಿಮಗ ಸಾಲ ಕೊಟ್ಟವರ ಸಾಲಿನ್ಯಾಗ ನಿಲ್ಲತಾರ.”

“ಆಕಿ ನನ್ನ ಹೇಣ್ತಿ ಅದಾಳ್ರಿ,” ಎಂದರು ಇವರು.

“ಅದಕ್ಕನ ಅದು ಸಾಲ ಐತ್ರಿ,” ಎಂದರು ವಕೀಲರು.

ಇಲ್ಲಿಗೆ ಬಂದ ದಾರಿಯನ್ನು ಸ್ವಲ್ಪ ಹೇಳಬೇಕು. ನನ್ನವರದು ಪೆಂಡಾಲಿನ ದಂಧೆ. ಶಾಮಿಯಾನ, ಕುರ್ಚಿ, ಲೈಟು, ದೊಡ್ಡ ದೊಡ್ಡ ಹಂಡೆ, ಎಲ್ಲ ಬಾಡಿಗೆಗೆ. ಕನ್ನೊಳ್ಳಿ, ಮೋರಟಗಿ, ಆ ಕಡೆ ಹೊರ್ತಿಯವರೆಗೆ ಮದುವೆಯಿದ್ದರೆ ಇವರ ಟೆಂಪೊ ಹೋಗಲೇಬೇಕು. ಹಿಂದೂಗಳ ಮದುವೆಗೆ ಹಳದಿ ಕೆಂಪು, ನಮ್ಮವರ ಮದುವೆಗೆ ಹಸಿರು ಬಿಳಿ, ಇಬ್ಬರಿಗೂ ಅವೇ ಕುರ್ಚಿ. ಚೆನ್ನಾಗಿಯೇ ನಡೆದಿತ್ತು. ಆಮೇಲೆ ಊರೂರಿಗೆ ಮಂಗಲ ಕಾರ್ಯಾಲಯಗಳೆದ್ದವು. ತಂಪು ಗಾಳಿಯ ಹಾಲ್ ಇರುವಾಗ ಬಿಸಿಲಲ್ಲಿ ಶಾಮಿಯಾನದ ಕೆಳಗೆ ಯಾರು ಕೂಡುತ್ತಾರೆ. ಅವರಿಗೆ ಸರಿಗಟ್ಟುತ್ತೇನೆಂದು ಇವರು ಸಾಲ ತಂದು ಕಬ್ಬಿಣದ ಕಂಬದ ದೊಡ್ಡ ಟೆಂಟು ತರಿಸಿದರು. ಮೇ ತಿಂಗಳ ಒಂದು ಗಾಳಿಗೆ ಅದು ಹೊರ್ತಿಯ ಹೊಲದಲ್ಲಿ ಮಗುಚಿ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ ಎಂದು ಅತ್ತೆ ಸಕ್ಕರೆ ಹಂಚಿದರು. ಸಾಲಕ್ಕೂ ಪೆಟ್ಟಾಗಲಿಲ್ಲ, ಅದು ನೆಟ್ಟಗೆ ನಿಂತಿತ್ತು.

ಸಾಲ ತರುವಾಗ ನನ್ನನ್ನು ಯಾರೂ ಕೇಳಿರಲಿಲ್ಲ. ವಸೂಲಿಗೆ ಬರುವಾಗ ಮಾತ್ರ ಎಲ್ಲರಿಗೂ ನನ್ನ ನೆನಪಾಯಿತು. ಬಾಗೇವಾಡಿಯ ಫೈನಾನ್ಸಿನ ಇಬ್ಬರು ನಾನು ಕಲಿಸುವ ಶಾಲೆಯ ಗೇಟಿನ ಹತ್ತಿರ ಬೈಕು ನಿಲ್ಲಿಸಿಕೊಂಡು, “ಅಕ್ಕಾರ, ನಿಮ್ಮ ಪಗಾರ ಐತಲ್ರಿ,” ಎನ್ನುತ್ತಿದ್ದರು. ಏಳನೆಯ ಇಯತ್ತೆಯ ಹುಡುಗಿಯರು ಕೇಳಿಸಿಕೊಳ್ಳುತ್ತಿದ್ದರು. ನಾನು ಕಾಲಾಂಶ ತಪ್ಪಿಸದೆ ಒಳಗೆ ಹೋಗಿ ವ್ಯಾಕರಣ ಹೇಳುತ್ತಿದ್ದೆ. ಕೈಯಲ್ಲಿ ಸೀಮೆಸುಣ್ಣ ಮುರಿಯುತ್ತಿತ್ತು.

ಒಂದು ಶುಕ್ರವಾರ ಅವರು ಮನೆಗೇ ಬಂದರು. ಇವರು ನಮಾಜು ಮುಗಿಸಿ ಬಂದು ಊಟಕ್ಕೆ ಕೂತಿದ್ದರು. ಒಳಗೆ ಬರ್ರಿ ಎಂದರೆ ಬರಲಿಲ್ಲ. ಓಣಿಯ ಮಂದಿಗೆಲ್ಲ ಕಾಣುವ ಹಾಗೆ ಹೊಸ್ತಿಲ ಹೊರಗೇ ನಿಂತರು. ಬಡ್ಡಿ ಸೇರಿಸಿ ಬರೆದ ಹೊಸ ಬಾಂಡಿಗೆ ಸಹಿ ಬೇಕಿತ್ತು ಅವರಿಗೆ. “ಒಪ್ಪಿಗಿ ಐತೋ ಇಲ್ಲೋ, ಹ್ಞೂಂ ಅನ್ರಿ, ಹೋಗ್ತೇವಿ,” ಎಂದು ದೊಡ್ಡ ದನಿಯಲ್ಲಿ ಹೇಳುತ್ತಲೇ ಇದ್ದರು. ಎದುರು ಮನೆಯವರು ಕಿಟಕಿ ತೆಗೆದರು. ಇವರು ಎಂಜಲು ಕೈಯಲ್ಲೇ ಎದ್ದು ಹೋಗಿ ‘ಹ್ಞೂಂ’ ಎಂದರು. ಕೈ ತೊಳೆದು ಸಹಿ ಮಾಡಿದರು. ಆಮೇಲೆ ಊಟಕ್ಕೆ ಕೂಡಲಿಲ್ಲ.

ಆ ಬಾಂಡಿನ ಮೇಲೆಯೇ ಅವರು ಕೋರ್ಟಿನಿಂದ ಹುಕುಂ ತಂದರು. ದುಡ್ಡು ಕಟ್ಟದಿದ್ದರೆ ಇವರನ್ನು ಹಿಡಿದು ಸಿವಿಲ್ ಜೈಲಿಗೆ ಕಳಿಸಬಹುದು ಎಂಬಲ್ಲಿಗೆ ಬಂತು. ಆಗ ಈ ವಕೀಲರು ದಿವಾಳಿ ಅರ್ಜಿಯ ಮಾತು ತೆಗೆದರು. ಅರ್ಜಿ ನಿಂತರೆ ಜೈಲು ತಪ್ಪುತ್ತದೆ, ಇದ್ದದ್ದನ್ನು ಕೋರ್ಟು ಮಾರಿ ಎಲ್ಲರಿಗೂ ಹಂಚುತ್ತದೆ. ಅರ್ಜಿ ಬಿದ್ದರೆ ಜೈಲು ತಪ್ಪಿದ್ದಲ್ಲ. ‘ಇಬ್ಬರೂ ಕೂಡೇ ಹಾಕಬೇಕೇನ್ರಿ’ ಎಂದು ಇವರು ಕೇಳಿದ್ದಕ್ಕೆ ವಕೀಲರು, “ಸಹಿ ಮಾಡಿದವರು ನೀವೊಬ್ಬರ. ದಿವಾಳಿನೂ ನಿಮ್ಮದೊಬ್ಬರದ,” ಎಂದಿದ್ದರು. ನನ್ನನ್ನು ಹೊರಗಿಡಲು ಆಡಿದ ಮಾತು ಅದು. ನಾನೇ ಎದುರು ಸಾಲಿನಲ್ಲಿ ಹೋಗಿ ನಿಂತೆ.

ಕಚೇರಿಯಿಂದ ಹೊರಗೆ ಬಂದ ಮೇಲೆ, ಬೈಕಿಗೆ ಕೀಲಿ ಹಾಕುತ್ತ ಇವರು ಕೆಳದನಿಯಲ್ಲಿ ಹೇಳಿದರು.

“ಅದು ಅವತ್ತ ಮಾಫ್ ಆಗೇತಿ. ನೀನ ತಲಿ ಹಾಕಿದ್ದಿ.”

ತಲೆ ಹಾಕಿದ್ದು ನಿಜ. ಆ ರಿವಾಜು ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮದುವೆಯಾದ ಮೊದಲ ರಾತ್ರಿ ಗಂಡ ಹೆಂಡತಿಯ ಮುಖ ನೋಡುವ ಮುಂಚೆ ‘ಮೆಹರ್ ಮಾಫ್ ಮಾಡಿದೆಯಾ’ ಎಂದು ಕೇಳುತ್ತಾನೆ. ಹುಡುಗಿ ತಲೆ ಅಲ್ಲಾಡಿಸುತ್ತಾಳೆ. ಅಷ್ಟಕ್ಕೆ ಮುಗಿಯಿತು. ಧರ್ಮದಲ್ಲಿ ಹೀಗೆ ಹೇಳಿಲ್ಲವೆಂದು ಮಸೀದಿಯ ಹಜರತರು ಎಷ್ಟೋ ಸಲ ಹೇಳಿದ್ದಾರೆ. ಹೆಂಗಸರಿಗೆ ಆ ಮಾತು ಕೇಳಿಸುವುದಿಲ್ಲ, ಗಂಡಸರು ಮನೆಗೆ ತರುವುದಿಲ್ಲ. ನನಗೆ ನಮ್ಮ ದೊಡ್ಡಮ್ಮ ಹೊರಡುವಾಗಲೇ ಕಿವಿಯಲ್ಲಿ ಹೇಳಿದ್ದರು, ‘ಏನು ಕೇಳಿದ್ರೂ ಹ್ಞೂಂ ಅನು’ ಎಂದು. ಬಾಗಿಲ ಹೊರಗೆ ಅತ್ತೆ, ನಾದಿನಿಯರು ನಿಂತು ನಗುತ್ತಿದ್ದರು. ಸೆರಗಿನೊಳಗಿಂದ ನನಗೆ ಕಂಡದ್ದು ಇವರ ಕಾಲ ಬೆರಳು ಮಾತ್ರ. ನಾನು ತಲೆ ಹಾಕಿದೆ.

ಬೈಕಿನ ಹಿಂದೆ ಕೂತು ನಾನು ಹೇಳಿದೆ, “ತಲಿ ಹಾಕಿದ್ದು ನಾನ. ಬಿಟ್ಟಾಕಿ ನಾನಲ್ಲ.”

ಅಂದಿನಿಂದ ಮನೆಯಲ್ಲಿ ಮಾತು ನಿಂತಿತು.

ವಕೀಲರು ನನ್ನ ಮೆಹರನ್ನೂ ಅರ್ಜಿಯಲ್ಲಿ ಸೇರಿಸಿ ಇವರ ಸಹಿ ಹಾಕಿಸಿದರು. ಅದಕ್ಕೆ ಪುರಾವೆ ಬೇಕು ಎಂದು ಅವರು ಹೇಳಿದ್ದರಿಂದ ಒಂದು ಭಾನುವಾರ ಇಂಡಿಗೆ ಹೋದೆ. ತವರಿನಲ್ಲಿ ಅಣ್ಣ ಚಹಾ ಕುಡಿಸಿ, ವಿಷಯ ಕೇಳಿ, ಕಪ್ಪು ಕೆಳಗಿಟ್ಟ. “ಐದು ತೊಲಿ ಸಲುವಾಗಿ ಗಂಡನ್ನ ಕೋರ್ಟಿಗಿ ಎಳದಾಳ ಅಂತಾರ ಮಂದಿ,” ಎಂದ. ಗಂಡ ಕೋರ್ಟಿಗೆ ಹೋದದ್ದು ತಾನೇ ಹಾಕಿದ ಅರ್ಜಿಯ ಮೇಲೆ ಎಂದು ತಿಳಿಸಿ ಹೇಳುವಷ್ಟು ತಾಳ್ಮೆ ನನಗಿರಲಿಲ್ಲ. ಎದ್ದು ಖಾಜಿಯವರ ಮನೆಗೆ ಒಬ್ಬಳೇ ನಡೆದೆ.

ಖಾಜಿಯವರಿಗೆ ನನ್ನ ಗುರುತು ಹತ್ತಲಿಲ್ಲ. ನಿಕಾಹಿನ ನಕಲು ಬೇಕು ಎಂದೊಡನೆ ಮುಖ ಸಣ್ಣದು ಮಾಡಿ, “ತಲಾಖ್ ಆತೇನು, ತಂಗಿ?” ಎಂದು ಕೇಳಿದರು.

“ಇಲ್ಲ್ರಿ.”

“ಗಂಡ ತೀರಕೊಂಡನೇನು?”

“ಇಲ್ಲ್ರಿ. ಚಲೋ ಅದಾರ. ಒಂದ ಮನ್ಯಾಗ ಅದೇವಿ.”

“ಈ ಕಾಗದ ಕೇಳಾಕ ಬರೋರು ಆ ಎರಡ ಥರದವರು. ಗಂಡನ ಕೂಡ ಬಾಳಾಕತ್ತಾಕಿ ಬಂದದ್ದು ನೀನ ಮೊದಲ,” ಎಂದು ಅವರು ಕಪಾಟಿನ ಕಡೆ ಹೋದರು. ನಕಲು ಕೊಡುವಾಗ ಮತ್ತೇನೂ ಕೇಳಲಿಲ್ಲ. ಬಾಗಿಲತನಕ ಬಂದು ಬಿಟ್ಟು ಹೋದರು. ವಾಪಸು ಬಸ್ಸಿನಲ್ಲಿ ಆ ಕಾಗದವನ್ನು ಚೀಲದೊಳಗೆ ಎರಡು ಕೈಯಿಂದ ಹಿಡಿದು ಕೂತಿದ್ದೆ. ನನಗೆ ಗೆದ್ದ ಹಾಗೇನೂ ಅನಿಸಲಿಲ್ಲ, ಹೆದರಿಕೆಯಾಗುತ್ತಿತ್ತು.

ಹೆದರಿಕೆಗೆ ಕಾರಣವಿತ್ತು. ಬಂಗಾರದ ದರ ಈಗ ಎಲ್ಲಿಗೆ ಹೋಗಿ ಕೂತಿದೆ ಎಂದು ಹೇಳಬೇಕಿಲ್ಲ. ಮದುವೆಯಲ್ಲಿ ಮಾಮೂಲು ಎನಿಸಿದ್ದ ಐದು ತೊಲೆ, ಈ ವರ್ಷಗಳಲ್ಲಿ ಬೆಳೆದು ಮುದ್ದೇಬಿಹಾಳದ ಬಟ್ಟೆ ಬಾಕಿಯ ಜೊತೆ ಹೆಗಲಿಗೆ ಹೆಗಲು ಕೊಟ್ಟು ನಿಂತಿತ್ತು. ವಕೀಲರು ನನ್ನನ್ನು ಒಬ್ಬಳೇ ಕೂಡಿಸಿಕೊಂಡು ಹೇಳಿದ್ದರು, “ಅಕ್ಕಾರ, ಹಕ್ಕು ನಿಮ್ಮದು ಹೌದು. ಆದ್ರ ಫೈನಾನ್ಸಿನವರು ಇದನ್ನ ಬಿಡೂದಿಲ್ಲ. ಗಂಡ ಹೆಂಡತಿ ಕೂಡಿ ಸುಳ್ಳು ಸಾಲ ಹುಟ್ಟಿಸ್ಯಾರ ಅಂತಾರ. ಹಂಗಂತ ಕೋರ್ಟಿಗಿ ಅನಿಸಿದ್ರ ಅರ್ಜಿ ಬೀಳತೈತಿ. ಅರ್ಜಿ ಬಿದ್ರ ಏನಾಗತೈತಿ ಅಂತ ನಿಮಗ ಗೊತ್ತೈತಿ.” ಹೆಸರು ತೆಗೆಸಿದರೆ ಹೇಗೆ ಎಂದೆ. ಬಾಕಿ ಇರುವುದನ್ನು ಮುಚ್ಚಿಟ್ಟರೆ ಅದೂ ತಪ್ಪೇ, ಬಿಟ್ಟಿದ್ದೇನೆಂದು ನೀವು ಬರೆದುಕೊಟ್ಟರೆ ಮಾತ್ರ ತೆಗೆಯಬಹುದು ಎಂದರು. ನಾನು ಬರೆದುಕೊಡಲಿಲ್ಲ. ಮನೆಗೆ ಬಂದು ಇವರ ಅಂಗಿ ತೊಳೆದು ಹಾಕುವಾಗ, ಜೈಲಿನಲ್ಲಿ ಈ ಅಂಗಿಯೇ ಇರುತ್ತದೋ ಬೇರೆ ಕೊಡುತ್ತಾರೋ ಎಂಬ ಯೋಚನೆ ಬಂದು ಕಲ್ಲಿನ ಮೇಲೆ ಕೂತುಬಿಟ್ಟೆ.

ಅಷ್ಟರಲ್ಲಿ ಅತ್ತೆ ಒಂದು ಕೆಲಸ ಮಾಡಿದರು. ಫೈನಾನ್ಸಿನವನು ಮತ್ತೆ ಬಾಗಿಲಿಗೆ ಬಂದು, “ನಿಮ್ಮ ಸೊಸಿನೂ ಸಾಲದವರ ಜೋಡಿ ನಿಂತಾಳಂತಲ್ಲ,” ಎಂದು ಕೆಣಕಿದನಂತೆ. ಅತ್ತೆಗೆ ಮನೆಯ ಮರ್ಯಾದೆ ದೊಡ್ಡದು. “ನಮ್ಮ ಮನ್ಯಾಗ ಹಂಗೆಲ್ಲ ಇಲ್ಲೋ ತಮ್ಮಾ. ಮೆಹರ್ ಲಗ್ನದ ರಾತ್ರೀನ ಮಾಫ್ ಆಗೇತಿ, ನಾ ಬಾಗಲದಾಗ ನಿಂತು ಕೇಳೇನಿ,” ಎಂದು ಎದೆಯುಬ್ಬಿಸಿ ಹೇಳಿಬಿಟ್ಟರು. ಅವನು ಅಷ್ಟಕ್ಕೇ ಬಂದಿದ್ದ. ನಾನು ಶಾಲೆಯಿಂದ ಬಂದಾಗ ಅತ್ತೆ ಸೊಪ್ಪು ಸೋಸುತ್ತ, ಅವನ ಬಾಯಿ ಹೇಗೆ ಮುಚ್ಚಿಸಿದೆನೆಂದು ಹೇಳಿದರು. ನಾನು ಶಾಲೆಯ ಚೀಲ ಕೆಳಗಿಟ್ಟೆ.

“ಅತ್ತಿ, ಆ ಮಾತು ಹಿಡದು ನಿಮ್ಮ ಮಗನ್ನ ಒಳಗ ಹಾಕತಾರ.”

ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೂ ಸೋಲಲಿಲ್ಲ. “ಹಂಗಾದ್ರ ಬಿಟ್ಟ ಬಿಡು. ಈಗರೆ ಬಿಟ್ಟೇನಿ ಅಂತ ಬರದ ಕೊಡು. ಯಾರ ಮನ್ಯಾಗ ಕೊಟ್ಟಾರ ಮೆಹರು? ನಿಮ್ಮ ಮಾವ ನನಗ ಕೊಟ್ಟಿದ್ರೇನು? ಅವರು ತೀರಿದ ದಿನ ಮಯ್ಯತ್ ಎತ್ತೂ ಮುಂಚೆ ಹೆಣ್ಣಮಕ್ಕಳೆಲ್ಲ ನನ್ನ ರಟ್ಟಿ ಹಿಡದು ನಿಲ್ಲಿಸಿದ್ರು. ಮಾಫ್ ಮಾಡೇನಿ ಅನು, ಹೊತ್ತಾಗತೈತಿ ಅಂದ್ರು. ಅಂದೆ. ನಾ ಸತ್ತನೇನು?”

“ನಿಮಗ ಎಷ್ಟಿತ್ತು ಅತ್ತಿ, ಮೆಹರು?”

ಅವರು ಸೊಪ್ಪಿನ ಮೇಲಿಂದ ಕಣ್ಣೆತ್ತಲಿಲ್ಲ. “ಯಾರಿಗಿ ಗೊತ್ತು. ಯಾರೂ ಹೇಳಿಲ್ಲ,” ಎಂದರು.

ಕೋರ್ಟಿನ ಬೇಲಿಫ್ ನೋಟಿಸು ತಂದ ದಿನ ನಗು ಬರಬೇಕಿತ್ತು, ಬರಲಿಲ್ಲ. ಅವನು ಬಾಗಿಲಲ್ಲಿ ನಿಂತು ನೋಟಿಸನ್ನೂ ಮನೆಯನ್ನೂ ನೋಡಿ, “ಅರ್ಜಿದಾರರ ಮನಿನೂ ಇದ, ಎದುರುದಾರರ ಮನಿನೂ ಇದ ಏನ್ರಿ?” ಎಂದ. ಹೌದೆಂದೆ. ನಾನು ಸಹಿ ಮಾಡುವಾಗ ನನ್ನವರು ಒಳಗಿನಿಂದ ಅವನಿಗೆ ನೀರು ತಂದುಕೊಟ್ಟರು. ನನ್ನ ಮೇಲೆ ತಾವೇ ಕಳಿಸಿದಂತಿದ್ದ ಆ ನೋಟಿಸನ್ನು ಇವರು ನೋಡದವರಂತೆ ಇದ್ದರು. ತಿಂಗಳುಗಟ್ಟಲೆ ಹಾಗೇ ನಡೆಯಿತು. ತಾಟು ಮುಂದಿಟ್ಟರೆ ಉಣ್ಣುತ್ತಿದ್ದರು, ಇಡದಿದ್ದರೆ ಕೇಳುತ್ತಿರಲಿಲ್ಲ. ಬೈಯುವ ಗಂಡನ ಜೊತೆ ಹೇಗಾದರೂ ಬಾಳಬಹುದು, ಸುಮ್ಮನಿರುವವನ ಜೊತೆ ಕಷ್ಟ.

ಮುದ್ದೇಬಿಹಾಳದ ಬಟ್ಟೆ ವ್ಯಾಪಾರಿ ವಿಚಾರಣೆಯ ಮುಂಚಿನ ವಾರ ನಮ್ಮ ಮನೆಗೆ ಬಂದರು. ಹಿರಿಯರು, ಶಾಮಿಯಾನದ ಬಟ್ಟೆಯನ್ನೆಲ್ಲ ಮೊದಲಿನಿಂದ ಇವರಿಗೆ ಉಧಾರಿ ಕೊಟ್ಟವರು. ಫೈನಾನ್ಸಿನವರ ಹಾಗೆ ಹೊಸ್ತಿಲಲ್ಲಿ ನಿಲ್ಲಲಿಲ್ಲ. ಒಳಗೆ ಬಂದು ಕೂತು, ಚಹಾ ಕುಡಿದು, ಹೆಗಲ ಮೇಲಿನ ಟವಲಿನಿಂದ ಬಾಯಿ ಒರೆಸಿಕೊಂಡರು.

“ತಂಗಿ, ನಿನ್ನ ಲಗ್ನದ ಪೆಂಡಾಲಿನ ಬಟ್ಟಿ ನಮ್ಮ ಅಂಗಡಿದ. ಅದಕ್ಕ ಕೇಳಾಕ ಬಂದೇನಿ. ಇದ್ದ ಸಾಮಾನು ಮಾರಿ ಹಂಚಿದ್ರ ಎಲ್ಲಾರಿಗೂ ಚೂರು ಚೂರು. ಅದರಾಗ ನೀನೂ ಪಾಲಿಗಿ ಬಂದ್ರ ನನಗ ಅಷ್ಟು ಕಡಿಮಿ. ನೀ ಬಿಟ್ಟಿ ಅಂದ್ರ, ನಾನೂ ತಕರಾರು ಮಾಡೂದಿಲ್ಲ. ನಿನ್ನ ಗಂಡಗ ಸಲೀಸು ಆಗತೈತಿ.”

ನಿಜವಾಗಿ ಯೋಚಿಸುವಂಥ ಮಾತದು. ನನ್ನವರು ಕಂಬಕ್ಕೆ ಒರಗಿ ಅಂಗಳ ನೋಡುತ್ತ ನಿಂತಿದ್ದರು. ಅತ್ತೆ ನನ್ನ ಬೆನ್ನ ಹಿಂದೆ, ‘ಹ್ಞೂಂ ಅನು’ ಎಂದು ಪಿಸುಗುಟ್ಟಿದರು. ಹಾಗೆ ಹೇಳದಿದ್ದರೆ ನಾನು ಒಪ್ಪಿಬಿಡುತ್ತಿದ್ದೆನೋ ಏನೋ. ಆ ಎರಡು ಶಬ್ದ ಕೇಳಿದೊಡನೆ ನನ್ನ ತಲೆ ಅಲ್ಲಾಡಲು ಒಪ್ಪಲಿಲ್ಲ.

“ಕಾಕಾ, ನೀವೂ ಉಧಾರಿ ಕೊಟ್ಟೀರಿ, ನಾನೂ ಉಧಾರಿ ಕೊಟ್ಟೇನಿ. ನೀವು ಬಿಡ್ತೀರೇನು?”

ಅವರು ನನ್ನನ್ನು ನೋಡಿದರು, ಇವರನ್ನು ನೋಡಿದರು. “ಇಲ್ಲವ್ವಾ, ನಾ ಬಿಡೂದಿಲ್ಲ,” ಎಂದು ಎದ್ದರು. ಚಪ್ಪಲಿ ಮೆಟ್ಟಿಕೊಳ್ಳುತ್ತ, “ನಿನಗ ಬಿಡು ಅಂತ ನಾ ಅನಬಾರದಾಗಿತ್ತು,” ಎಂದರು. ಅವರು ಹೋದ ಮೇಲೆ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಅತ್ತರು, ಮಗನನ್ನು ಸೊಸೆಯೇ ಜೈಲಿಗೆ ಕಳಿಸುತ್ತಾಳೆಂದು. ಇವರು ಹೊರಗೆ ಹೋದರು. ನಾನೊಬ್ಬಳೇ ಕಪ್ಪುಬಸಿ ತೊಳೆದೆ. ತಪ್ಪು ಮಾಡುತ್ತಿದ್ದೇನೆಂದು ಮನಸ್ಸಿನ ಒಂದು ಬದಿ ಹೇಳುತ್ತಲೇ ಇತ್ತು.

ವಿಚಾರಣೆಯ ದಿನ ಇವರು ಬೈಕಿನಲ್ಲಿ ಮುಂದೆ ಹೋದರು, ನಾನೂ ಅತ್ತೆಯೂ ಆಟೋದಲ್ಲಿ. ಕೋರ್ಟಿನ ಪಡಸಾಲೆಯಲ್ಲಿ ಕೂಗು ಬಂದಾಗ ಇವರು ಕಟಕಟೆಗೆ ಹೋದರು. ನಾನು ಎದುರುದಾರರ ಜೊತೆ, ಬಟ್ಟೆ ವ್ಯಾಪಾರಿಯ ಪಕ್ಕದಲ್ಲಿ ನಿಂತೆ. ಸಂಸಾರ ಮಾಡಿದ ಇಷ್ಟು ವರ್ಷಗಳಲ್ಲಿ ಇವರನ್ನು ಇಷ್ಟು ದೂರದಿಂದ, ಇಷ್ಟು ನೇರವಾಗಿ ನೋಡಿದ್ದು ಅಂದೇ. ಶೇವ್ ಮಾಡಿಕೊಳ್ಳುವಾಗ ಗದ್ದ ಕೊಯ್ದುಕೊಂಡಿದ್ದರು.

ಫೈನಾನ್ಸಿನವರ ವಕೀಲ ಚುರುಕು ಮನುಷ್ಯ. ಟೆಂಟಿನದು, ಟೆಂಪೊದ್ದು ಒಂದಿಷ್ಟು ಕೇಳಿ, ಆಮೇಲೆ ಕೋಟು ಸರಿಮಾಡಿಕೊಂಡ.

“ನಿಮ್ಮ ಹೆಂಡತಿಯ ಮೆಹರ್ ಬಾಕಿ ಐತಿ ಅಂತ ಅರ್ಜಿಯೊಳಗ ಬರದೀರಿ. ಆದರ ಲಗ್ನದ ರಾತ್ರೀನ ಮಾಫ್ ಆಗೇತಿ ಅಂತ ನಿಮ್ಮ ತಾಯಿನ ನಮ್ಮ ಮಂದಿಗೆ ಹೇಳ್ಯಾರ. ನೀವು ಮಾಫ್ ಮಾಡು ಅಂತ ಕೇಳಿದ್ದು, ಅವರು ತಲಿ ಹಾಕಿದ್ದು, ಖರೇನೋ ಸುಳ್ಳೋ? ಇಷ್ಟ ಹೇಳ್ರಿ.”

ಹೌದೆಂದರೆ ಅರ್ಜಿಯಲ್ಲಿ ಸುಳ್ಳು ಬರೆದಂತೆ. ಅಲ್ಲವೆಂದರೆ ಪ್ರಮಾಣ ಮಾಡಿ ಸುಳ್ಳು ಹೇಳಿದಂತೆ. ಇವರು ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ, ಅದೇ ಈಗ ನನಗೆ ಭಯವಾಗಿತ್ತು. ಹಿಂದಿನ ಬೆಂಚಿನಲ್ಲಿ ಅತ್ತೆಯ ತಸ್ಬೀಹ್ ಮಣಿಗಳ ಸಪ್ಪಳ ನಿಂತಿತು. ಇವರು ನನ್ನ ಕಡೆ ನೋಡಲಿಲ್ಲ. ಕಟಕಟೆಯ ಕಟ್ಟಿಗೆ ಹಿಡಿದುಕೊಂಡರು.

“ಕೇಳಿದ್ದು ಖರೇರಿ. ಆಕಿ ತಲಿ ಹಾಕಿದ್ದೂ ಖರೇರಿ.”

“ಸಾಕು,” ಎಂದು ಆ ವಕೀಲ ಕೂಡಲು ಹೊರಟ.

“ಸಾಕಾಗಿಲ್ಲರಿ,” ಎಂದರು ಇವರು. “ಇನ್ನೂ ಐತಿ.”

ನ್ಯಾಯಾಧೀಶರು ಪೂರ್ತಿ ಹೇಳಲಿ ಎಂದರು.

“ಸಾಹೇಬ್ರ, ಆವತ್ತು ಆಕಿ ಮಾರಿ ಸೈತ ನಾ ನೋಡಿರ್ಲಿಲ್ಲ. ಬಾಗಲ ಹೊರಗ ನಮ್ಮ ಮನಿ ಮಂದಿ ನಿಂತಿದ್ರು. ಹ್ಞೂಂ ಅನಿಸಿಕೊಳ್ಳೂತನ ಸೆರಗು ತಗೀಬ್ಯಾಡ ಅಂತ ನನಗ ಹೇಳಿದ್ರು. ನಾ ಕೇಳ್ದೆ, ಆಕಿ ತಲಿ ಹಾಕಿದ್ಲು. ಅದು ಮಾಫಿ ಅಂತ ನಾನೂ ತಿಳಕೊಂಡಿದ್ದೆ. ಹ್ವಾದ ವರ್ಷ ಇವರ ಮಂದಿ ನನ್ನ ಹೊಸ್ತಲದಾಗ ನಿಂತು, ಓಣಿಗೆಲ್ಲ ಕೇಳೂ ಹಂಗ, ಹ್ಞೂಂ ಅನು ಅಂದ್ರು. ನಾ ಅಂದೆ. ಕೈ ಎಂಜಲ ಇತ್ತರಿ ನಂದು. ಹೊರಗ ಮಂದಿ ನಿಲ್ಲಿಸಿ ಹ್ಞೂಂ ಅನಿಸಿಕೊಳ್ಳೂದು ಏನಂತ ನನಗ ಅವತ್ತ ಅನುಭವಕ್ಕ ಬಂತು, ಆಕೀದೂ ಹಂಗ ಇತ್ತು ಅಂತ ತಿಳಿಯಾಕ ತಡ ಆತು. ಆಕೀದು ಬಾಕಿ ಐತ್ರಿ. ನಾ ಕೊಡಬೇಕು.”

ಟೈಪು ಮಾಡುವವರು ಕೈ ಎತ್ತಿಕೊಂಡು ಕೂತಿದ್ದರು. ನನಗೆ ಅಳು ಬಂತು, ಒಳಗೇ ನುಂಗಿದೆ, ಎದುರುದಾರಳು ಅಳಬಾರದು ಎಂದು.

ಮಧ್ಯಾಹ್ನದ ಮೇಲೆ ನನ್ನನ್ನು ಕರೆದರು. ನ್ಯಾಯಾಧೀಶರು ಶಾಂತವಾಗಿ ಕೇಳಿದರು, “ನಿಮ್ಮ ಮೇಲೆ ಈಗ ಯಾರ ಒತ್ತಾಯವೂ ಇಲ್ಲ. ಮೆಹರ್ ಬಿಟ್ಟುಕೊಡುತ್ತೀರಾ, ಇಟ್ಟುಕೊಳ್ಳುತ್ತೀರಾ?”

ಮುಖ ಕಾಣುತ್ತಿರುವಾಗ ಈ ಪ್ರಶ್ನೆಯನ್ನು ಯಾರಾದರೂ ನನಗೆ ಕೇಳಿದ್ದು ಅದೇ ಮೊದಲು. ಬಿಟ್ಟೆ ಎಂದಿದ್ದರೆ ಆಗ ಅದು ನಿಜವಾದ ಬಿಡುವಿಕೆಯಾಗುತ್ತಿತ್ತು, ಇವರು ಅಷ್ಟು ಹೇಳಿದ ಮೇಲೆ ಬಿಡುವ ಮನಸ್ಸೂ ನನಗೆ ಬಂದಿತ್ತು. ಆದರೆ ಬಿಟ್ಟರೆ ಇವರು ಕಟಕಟೆಯಲ್ಲಿ ನಿಂತು ಹೇಳಿದ್ದು ಸುಮ್ಮನಾಗುತ್ತದೆ ಎನಿಸಿತು.

“ಇಟ್ಟುಕೊಳ್ತೇನ್ರಿ,” ಎಂದೆ.

ಅರ್ಜಿ ನಿಂತಿತು. ತೀರ್ಪಿನಲ್ಲಿ ಮೆಹರನ್ನೂ ಸಾಲವೆಂದು ಒಪ್ಪಿ, ನನ್ನವರನ್ನು ದಿವಾಳಿ ಎಂದು ಸಾರಿದರು. ಊರಲ್ಲಿ ಒಂದಿಷ್ಟು ದಿನ ಮಂದಿ ಇವರಿಗೆ ಸಲಾಂ ಮಾಡಲೂ ಹಿಂದೆಮುಂದೆ ನೋಡಿದರು. ಕೋರ್ಟು ನೇಮಿಸಿದವರು ಬಂದು ಟೆಂಪೊ, ಕುರ್ಚಿ, ಹಂಡೆ, ಬಟ್ಟೆ ಎಲ್ಲ ಲಿಲಾವು ಹಾಕಿದರು. ಕುರ್ಚಿಗಳನ್ನು ಮಂಗಲ ಕಾರ್ಯಾಲಯದವರೇ ಕೊಂಡರು. ಬಂದದ್ದನ್ನು ಹಂಚಿದಾಗ ನನ್ನ ಪಾಲಿಗೂ ಒಂದು ಚೂರು ಬಂತು, ಸರಾಫ ಕಟ್ಟೆಯಲ್ಲಿ ಅದಕ್ಕೆ ಒಂದು ಜೊತೆ ಸಣ್ಣ ಕಿವಿಯೋಲೆ ಬರಬಹುದಿತ್ತು, ಅಷ್ಟೇ. ಓಲೆ ಕೊಳ್ಳಲಿಲ್ಲ. ಬ್ಯಾಂಕಿನಲ್ಲಿ ನನ್ನ ಹೆಸರಿನಲ್ಲಿ ಇಟ್ಟೆ. ಇವರ ವಂಶದಲ್ಲಿ ಗಂಡ ಬದುಕಿರುವಾಗ ಮೆಹರ್ ಕೈಗೆ ಬಂದ ಹೆಣ್ಣು ನಾನೇ ಮೊದಲಿರಬೇಕು, ಅದೂ ಕೋರ್ಟಿನ ಕೈಯಿಂದ.

ಇವರೀಗ ಬೇರೆಯವರ ಪೆಂಡಾಲಿಗೆ ಮೇಸ್ತ್ರಿಯಾಗಿ ಹೋಗುತ್ತಾರೆ. ಮನೆಯಲ್ಲಿ ಮಾತು ಮರಳಿ ಬಂದಿದೆ, ಜಗಳವೂ ಬಂದಿದೆ, ನನಗೆ ಎರಡೂ ಬೇಕಿತ್ತು.

ಹೋದ ತಿಂಗಳು ಬಿಡುಗಡೆಯ ಹುಕುಂ ಆಯಿತು. ಎಂದರೆ ಹಂಚಿದ್ದು ಹೋಗಿ ಯಾರಿಗೆ ಏನು ಉಳಿದಿದ್ದರೂ ಇನ್ನು ಇವರನ್ನು ಕೇಳುವಂತಿಲ್ಲ, ಕಾಯ್ದೆಯೇ ಬಿಡಿಸಿತು. ಇವರು ಆ ಸಂಜೆ ಜಿಲೇಬಿ ತಂದರು. ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಇವರು ಪಡಸಾಲೆಯಲ್ಲಿ ಕೂತು ಪೊಟ್ಟಣ ಬಿಚ್ಚುತ್ತ, ಬಹಳ ದಿನಗಳ ಮೇಲೆ ತುಂಟ ನಗು ನಕ್ಕರು.

“ಎಲ್ಲಾರದೂ ಮುಗೀತು. ಬ್ಯಾಂಕಿಂದು ಮುಗೀತು, ಫೈನಾನ್ಸಿಂದು ಮುಗೀತು. ಕಾಯ್ದೆ ಪ್ರಕಾರ ನಿಂದೂ ಮುಗೀತು.”

“ಕೋರ್ಟು ಬಿಟ್ಟೈತ್ರಿ,” ಎಂದೆ. “ನಾ ಬಿಟ್ಟಿಲ್ಲ.”

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹಿಟ್ಟಿನ ಕೈಯಲ್ಲೇ ಅತ್ತೆ ಬಾಗಿಲಿಗೆ ಬಂದರು. ಲಗ್ನದ ರಾತ್ರಿಯೂ ಅವರು ಹೀಗೇ ಬಾಗಿಲಲ್ಲಿ ನಿಂತಿದ್ದರು. ಮಗನನ್ನು ನೋಡಲಿಲ್ಲ, ನನ್ನನ್ನೇ ನೋಡಿದರು.

“ಬಿಡಬ್ಯಾಡ,” ಎಂದು ಹೇಳಿ ರೊಟ್ಟಿಗೆ ಹೋದರು.